ಮುನಿರಾಬಾದ್–ಮೆಹಬೂಬ್‌ನಗರ ರೈಲು ಮಾರ್ಗ: ಸಿಂಧನೂರು–ರಾಯಚೂರು ಕೊಂಡಿ ಏಕೆ ಮುಖ್ಯ?

ಹೈದರಾಬಾದ್: ಬಾಲಾನಗರದಂಥ ಕೈಗಾರಿಕಾ ಪ್ರದೇಶಗಳಿಗೆ ದುಡಿಯಲು ಬರುವ ಕಲ್ಯಾಣ ಕರ್ನಾಟಕದ ಜನರಿಗೆ ಈ ರೈಲು ಮಾರ್ಗ ಊರಿನ ದಾರಿ. ಆದರೆ ಅದಿನ್ನೂ ಅರ್ಧಂಬರ್ಧ.

ಏನಿದು ಯೋಜನೆ?
ಕೊಪ್ಪಳ ಜಿಲ್ಲೆಯ ಮುನಿರಾಬಾದ್‌ನಿಂದ ಗಂಗಾವತಿ, ಸಿಂಧನೂರು, ರಾಯಚೂರು ಮೂಲಕ ತೆಲಂಗಾಣದ ಮೆಹಬೂಬ್‌ನಗರ ಸೇರುವ, ಸುಮಾರು 244 ಕಿ.ಮೀ. ಉದ್ದದ ಈ ಮಾರ್ಗ ಮಂಜೂರಾಗಿದ್ದು 1997-98ರಲ್ಲಿ.

ಎಲ್ಲಿಗೆ ಬಂದಿದೆ?
ತೆಲಂಗಾಣದ ಕಡೆ 37 ಕಿ.ಮೀ. ಉದ್ದದ ಜಕ್ಲೇರ್–ಕೃಷ್ಣಾ ಹಳಿಯನ್ನು 2023ರ ಅಕ್ಟೋಬರ್ 1ರಂದು ಪ್ರಧಾನಿ ನರೇಂದ್ರ ಮೋದಿ ಲೋಕಾರ್ಪಣೆ ಮಾಡಿದರು. ಹೈದರಾಬಾದಿನ ಕಾಚಿಗುಡ–ರಾಯಚೂರು ರೈಲಿಗೂ ಅಂದೇ ಚಾಲನೆ ಸಿಕ್ಕಿತು. ಕರ್ನಾಟಕದ ಕಡೆಯಿಂದ ರೈಲು 2024ರಲ್ಲಿ ಸಿಂಧನೂರು ತಲುಪಿತು. ನಡುವೆ ಉಳಿದದ್ದು ಸಿಂಧನೂರು–ರಾಯಚೂರು ಕೊಂಡಿ.

ಅದು ಕೂಡಿದರೇನು ಲಾಭ?
ಗಂಗಾವತಿ, ಕಾರಟಗಿ, ಸಿಂಧನೂರು ಭತ್ತದ ಕಣಜ. ಇಲ್ಲಿನ ಅಕ್ಕಿಗೆ ಹೈದರಾಬಾದ್ ಮಾರುಕಟ್ಟೆ, ಕಾರ್ಮಿಕರಿಗೆ ಕೆಲಸದ ಊರು ನೇರ ರೈಲಿನಲ್ಲಿ ಸಿಗುತ್ತವೆ. ಹುಬ್ಬಳ್ಳಿ ಕಡೆಯಿಂದ ಹೈದರಾಬಾದ್‌ಗೆ ಇನ್ನೊಂದು ದಾರಿ ತೆರೆಯುತ್ತದೆ.

ವಿಳಂಬಕ್ಕೆ ಮದ್ದೇನು?
ಉತ್ತರ ಕೊಂಕಣ ರೈಲ್ವೆಯಲ್ಲಿದೆ. ಕೇಂದ್ರದ ಜೊತೆ ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ ಪಾಲುದಾರರಾಗಿ 1990ರಲ್ಲಿ ಒಂದೇ ನಿಗಮ ಕಟ್ಟಿದವು. ಬೆಟ್ಟ, ಹೊಳೆ, ಸುರಂಗಗಳ ನಡುವೆ ಸುಮಾರು 740 ಕಿ.ಮೀ. ಮಾರ್ಗದಲ್ಲಿ 1998ರಲ್ಲಿ ರೈಲು ಓಡಿತು. ಬಯಲುಸೀಮೆಯ 244 ಕಿ.ಮೀ.ಗೆ ಕಾಲು ಶತಮಾನ ಸಾಲಲಿಲ್ಲ.

ವರ್ಷವರ್ಷದ ಬಿಡಿ ಅನುದಾನದಿಂದ ರಾಜ್ಯದ ಗಡಿ ದಾಟುವ ಹಳಿ ಮುಗಿಯುವುದಿಲ್ಲ. ಇಂಥ ಮಾರ್ಗಗಳಿಗೆ ಭೂಮಿ, ಹಣ, ಗಡುವು ಮೂರನ್ನೂ ಒಟ್ಟಿಗೆ ನಿಗದಿಪಡಿಸುವ ನೀತಿ ಬೇಕು. ಅದರ ಮೊದಲ ಪರೀಕ್ಷೆ ಸಿಂಧನೂರು–ರಾಯಚೂರು ಆಗಲಿ.