ಏಳನೇ ತಾರೀಖಿನ ಲೆಕ್ಕ

ಪೀಣ್ಯದ ಸಣ್ಣ ಮಷಿನ್ ಶಾಪುಗಳಲ್ಲಿ ತಿಂಗಳ ಮೊದಲ ವಾರ ಮಾಲೀಕರ ಫೋನಿಗೆ ಬಿಡುವಿರುವುದಿಲ್ಲ. ದೊಡ್ಡ ಕಂಪನಿಗೆ ಜಾಬ್‌ವರ್ಕ್ ಮಾಡಿಕೊಟ್ಟ ಬಿಲ್ಲು ಎರಡು ತಿಂಗಳಾದರೂ ಪಾಸಾಗಿಲ್ಲ. ಲೇತ್ ಮುಂದೆ ನಿಂತವನ ಮನೆ ಬಾಡಿಗೆಯಾಗಲಿ, ಮಗಳ ಸ್ಕೂಲ್ ಫೀಸಾಗಲಿ ಅಷ್ಟು ದಿನ ಕಾಯುವುದಿಲ್ಲ. ಸಂಬಳ ಏಳನೇ ತಾರೀಖಿನೊಳಗೆ ಕೈ ಸೇರಬೇಕು ಎನ್ನುತ್ತದೆ ಕಾನೂನು. ಸಣ್ಣ ಉದ್ಯಮದ ಬಿಲ್ಲನ್ನು 45 ದಿನದೊಳಗೆ ತೀರಿಸಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆಯೂ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ನಾಳೆಯ ಆರ್ಡರ್ ಕೊಡಬೇಕಾದ ಗಿರಾಕಿಯ ಮೇಲೆ ಯಾರು ದೂರು ಕೊಡುತ್ತಾರೆ?

ಈ ಬಿಕ್ಕಟ್ಟಿಗೆ ಮಾಲೀಕರು ಕಂಡುಕೊಳ್ಳುವ ಸುಲಭದ ದಾರಿಯೇ ಅಪಾಯದ್ದು. ಅದು ತಿಳಿಯಬೇಕಾದರೆ ಒಬ್ಬನ ಸಂಬಳವನ್ನು ಬಿಡಿಸಿ ನೋಡಬೇಕು.

ತಿಂಗಳಿಗೆ 20,000 ರೂಪಾಯಿಯ ಕೆಲಸಗಾರ ಎಂದಿಟ್ಟುಕೊಳ್ಳಿ. ಬೇಸಿಕ್, ಡಿಎ ಸೇರಿ 15,000 ದಾಟುತ್ತದೆ. ಪಿಎಫ್‌ನ ಮಿತಿ 15,000 ಆದ್ದರಿಂದ ಅದರ ಶೇ 12, ಅಂದರೆ 1,800 ರೂಪಾಯಿ ಅವನ ಸಂಬಳದಲ್ಲಿ ಹಿಡಿಯುತ್ತಾರೆ. ಇಎಸ್‌ಐಗೆ ಶೇ 0.75ರಂತೆ 150. ವೃತ್ತಿ ತೆರಿಗೆ ಕರ್ನಾಟಕದಲ್ಲಿ 25,000ದಿಂದ ಶುರು, ಹಾಗಾಗಿ ಇವನಿಗಿಲ್ಲ. ಕೈಗೆ ಸಿಗುವುದು 18,050. ಮಾಲೀಕರ ಕಡೆಯಿಂದ ಪಿಎಫ್‌ಗೆ ಮತ್ತೆ 1,800 (ಅದರಲ್ಲಿ 1,250 ಪಿಂಚಣಿ ಖಾತೆಗೆ ಹೋಗುತ್ತದೆ), ವಿಮೆ ಮತ್ತು ಆಡಳಿತ ವೆಚ್ಚವೆಂದು 150, ಇಎಸ್‌ಐಗೆ ಶೇ 3.25ರಂತೆ 650. ಒಟ್ಟು ಖರ್ಚು 22,600. ಕೆಲಸಗಾರನಿಗೆ ಕಾಣುವ ಅಂಕಿ ಒಂದು, ಮಾಲೀಕರಿಗೆ ಕಾಣುವ ಅಂಕಿ ಇನ್ನೊಂದು. 'ಇಷ್ಟು ದುಡಿದರೂ ಇಷ್ಟೇನಾ' ಎಂದು ಅವನು, 'ಇಷ್ಟು ಕೊಟ್ಟರೂ ಸಾಲದಾ' ಎಂದು ಇವರು. ಇಬ್ಬರ ಲೆಕ್ಕವೂ ಸರಿಯೇ. ಸರಿಯಾದ ಒಂದು ಸಂಬಳದ ಚೀಟಿ ಕೊಟ್ಟರೆ ಈ ಜಗಳ ಅರ್ಧ ತೀರುತ್ತದೆ.

ನಡುವಿನ 4,550 ರೂಪಾಯಿ ಮುಂದಿನ ತಿಂಗಳ 15ರವರೆಗೆ ಮಾಲೀಕರ ಖಾತೆಯಲ್ಲೇ ಇರುತ್ತದೆ. ಇಪ್ಪತ್ತೈದು ಜನರಿದ್ದರೆ ಲಕ್ಷ ದಾಟಿತು. ಉಕ್ಕಿನ ವ್ಯಾಪಾರಿ ಬಾಗಿಲಲ್ಲಿ ನಿಂತಾಗ ಆ ಲಕ್ಷ ಕಣ್ಣಿಗೆ ಬೀಳುತ್ತದೆ. 'ಮುಂದಿನ ತಿಂಗಳು ಸೇರಿಸಿ ಕಟ್ಟಿದರಾಯಿತು' ಎಂಬ ಮಾತು ಹುಟ್ಟುವುದು ಅಲ್ಲೇ. ತಡವಾದರೆ ವರ್ಷಕ್ಕೆ ಶೇ 12 ಬಡ್ಡಿ, ಅದರ ಮೇಲೆ ದಂಡ. ಕೆಲಸಗಾರನ ಸಂಬಳದಿಂದ ಹಿಡಿದ ಪಾಲಿನ ವಿಷಯ ಇನ್ನೂ ಗಂಭೀರ. ಹಿಡಿದ ಕ್ಷಣವೇ ಅದು ಮಾಲೀಕರ ಕೈಗೆ ನಂಬಿಕೊಟ್ಟ ಹಣ. ಕಟ್ಟದೆ ಉಳಿಸಿಕೊಂಡರೆ ನಂಬಿಕೆ ದ್ರೋಹದ ಕ್ರಿಮಿನಲ್ ಕೇಸು. ಬಡ್ಡಿಯಿಲ್ಲದ ಸಾಲದಂತೆ ಕಂಡದ್ದು ಎಲ್ಲ ಸಾಲಕ್ಕಿಂತ ದುಬಾರಿಯಾಗುತ್ತದೆ. ಅಷ್ಟರಲ್ಲಿ ಆ ಹುಡುಗನ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾಗಿ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋದರೆ, ಕಟ್ಟದ ಕಂತಿನ ಸಂಕಟ ಯಾರಿಗೆ?

ಇನ್ನು ಅಡ್ವಾನ್ಸ್. ಹಬ್ಬಕ್ಕೆ, ಮದುವೆಗೆ, ಊರ ಜಾತ್ರೆಗೆ ಐದು ಸಾವಿರ, ಹತ್ತು ಸಾವಿರ ಕೇಳುತ್ತಾರೆ. ಕೊಡದಿದ್ದರೆ ಕೆಲಸಗಾರ ನಿಲ್ಲುವುದಿಲ್ಲ. ಇದರಲ್ಲಿ ತಪ್ಪಿಲ್ಲ. ಬರೆದಿಡದಿರುವುದು ತಪ್ಪು. ವರ್ಷದ ಕೊನೆಗೆ 'ನೀನು ತೊಗೊಂಡಿದ್ದು ಇಷ್ಟು', 'ಇಲ್ಲ ಸಾರ್, ದಸರಾದಲ್ಲಿ ಮುರ್ಕೊಂಡ್ರಲ್ಲ' ಎಂಬ ವಾದ ಎಷ್ಟೋ ಕಡೆ ಒಳ್ಳೆಯ ಟರ್ನರನ್ನು ಎದುರು ಶೆಡ್ಡಿಗೆ ಕಳಿಸಿದೆ. ಕೊಟ್ಟ ದಿನವೇ ಸಹಿ, ಮುರಿದ ತಿಂಗಳು ಚೀಟಿಯಲ್ಲಿ ನಮೂದು. ಎಲ್ಲ ಕಡಿತ ಸೇರಿದರೂ ಸಂಬಳದ ಅರ್ಧ ಮೀರುವಂತಿಲ್ಲ.

ಹತ್ತು ಜನರಾದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್ ಎಂಬುದಕ್ಕೆ ಹೆದರಿ ಹಾಜರಿ ಪುಸ್ತಕವನ್ನು ಒಂಬತ್ತಕ್ಕೆ, ಹತ್ತೊಂಬತ್ತಕ್ಕೆ ನಿಲ್ಲಿಸುವವರಿದ್ದಾರೆ. ಕಂಟ್ರಾಕ್ಟ್ ಹುಡುಗರೂ ಎಣಿಕೆಗೆ ಬರುತ್ತಾರೆ ಎಂಬುದು ಇನ್‌ಸ್ಪೆಕ್ಟರ್ ಬಂದಾಗಲೇ ತಿಳಿಯುತ್ತದೆ. ಇಂಥದ್ದೇ ಇನ್ನೊಂದು ಉಪಾಯ ಬೇಸಿಕ್ ಅನ್ನು 6,000ಕ್ಕೆ ಇಳಿಸಿ, ಮಿಕ್ಕಿದ್ದನ್ನು ಭತ್ಯೆ ಎಂದು ತೋರಿಸುವುದಾಗಿತ್ತು. ಪಿಎಫ್ 720ಕ್ಕೆ ಇಳಿಯುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈ ಬಾಗಿಲು ಮುಚ್ಚಿವೆ: ಭತ್ಯೆಗಳು ಒಟ್ಟು ಮೊತ್ತದ ಅರ್ಧ ಮೀರಿದರೆ, ಮೀರಿದ್ದೆಲ್ಲ ವೇತನವೆಂದೇ ಲೆಕ್ಕ. ಕೆಲಸ ಬಿಟ್ಟವನ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು. 'ಹದಿನೈದು ದಿನ ಬಿಟ್ಟು ಬಾ' ಎನ್ನುವ ಕಾಲ ಹೋಯಿತು.

ಸಾಫ್ಟ್‌ವೇರ್ ಕೊಳ್ಳಿ ಎಂದು ಸಲಹೆ ಕೊಡುವವರು ಬೇಕಾದಷ್ಟಿದ್ದಾರೆ. ಹಾಜರಿಯೇ ತಪ್ಪಿದ್ದರೆ ಅದು ತಪ್ಪನ್ನೇ ವೇಗವಾಗಿ ಅಚ್ಚು ಹಾಕುತ್ತದೆ. ಇಪ್ಪತ್ತು ಮೂವತ್ತು ಜನರಿಗೆ ಎಕ್ಸೆಲ್ ಹಾಳೆ, ಚಲನ್ ಕಟ್ಟಲು ಒಬ್ಬ ನಂಬಿಕಸ್ಥ ಕನ್ಸಲ್ಟೆಂಟ್ ಸಾಕು. ಅದಕ್ಕಿಂತ ಮುಖ್ಯವಾಗಿ ಬ್ಯಾಂಕಿನಲ್ಲಿ ಸಂಬಳಕ್ಕೆಂದೇ ಇನ್ನೊಂದು ಖಾತೆ ತೆರೆಯಿರಿ. ಗಿರಾಕಿಯ ದುಡ್ಡು ಬಂದ ದಿನವೇ 18,050 ಅಲ್ಲ, ತಲೆಗೆ 22,600ರಂತೆ ಅದಕ್ಕೆ ಹಾಕಿ, ಆಮೇಲೆ ಉಕ್ಕಿನವನಿಗೆ ಫೋನ್ ಮಾಡಿ.