“ಇವತ್ತಿನ ಟೋಕನ್ ಮುಗಿಯಿತು”



ಕಾಂಡಕೊರಕ, ಕೊಳೆರೋಗ, ಗೊಬ್ಬರದ ಬೆಲೆ, ಧಾರಣೆಯ ಏರಿಳಿತ ಇವುಗಳ ಬಗ್ಗೆ ಬರೆಯುವುದು ನಮ್ಮ ಪತ್ರಿಕೆಯ ವಾಡಿಕೆ. ಈ ಸಲ ಗಿಡದ ಕಾಯಿಲೆಯನ್ನು ಬದಿಗಿಟ್ಟು ಬೆಳೆಗಾರನ ಕಾಯಿಲೆಯ ವಿಚಾರ ಬರೆಯಬೇಕಾಗಿ ಬಂದಿದೆ. ಗಿಡಕ್ಕೆ ರೋಗ ತಗುಲಿದರೆ ಕಾಫಿ ಮಂಡಳಿಯ ಸಂಪರ್ಕಾಧಿಕಾರಿಗಳನ್ನೋ ತೋಟಗಾರಿಕೆ ಇಲಾಖೆಯವರನ್ನೋ ಕರೆದು ತೋರಿಸುತ್ತೇವೆ. ನಮಗೇ ಜ್ವರ ಬಂದರೆ ತೋರಿಸುವುದು ಯಾರಿಗೆ? ಕೊರೋನಾ ಬಂದು ಹೋದ ಮೇಲೆ ನಮ್ಮ ಕೊಪ್ಪ ಸೀಮೆಯಲ್ಲಿ ಈ ಪ್ರಶ್ನೆ ದೊಡ್ಡದಾಗಿದೆ.

2025ರ ಫೆಬ್ರವರಿಯಲ್ಲಿ ನಡೆದ ಸಂಗತಿ ಹೇಳುತ್ತೇನೆ. ನಮ್ಮ ಕೆಳಮನೆಯವರದು ಎರಡೆಕರೆ ರೊಬಸ್ಟಾ, ಒಂದೆಕರೆ ಅಡಿಕೆ. ಗಂಡ ಹೆಂಡತಿ ಇಬ್ಬರೂ ಆಳಿನ ಸಮ ದುಡಿಯುವವರು. ರೊಬಸ್ಟಾ ಕೊಯ್ಲು ಅರ್ಧ ಆಗಿತ್ತು. ನಡುವೆ ಒಂದೆರಡು ದಿನ ಬಿಡುವು ಮಾಡಿಕೊಂಡು ಕೊಟ್ಟಿಗೆಗೆ ಹಾಸಲೆಂದು ಗುಡ್ಡದಂಚಿನಿಂದ ದರಗು ಗುಡಿಸಿ ತಂದಿದ್ದರು. ಆಮೇಲೆ ನಾಲ್ಕೈದು ದಿನಕ್ಕೆ, ಒಂದು ಬುಧವಾರ ಬೆಳಿಗ್ಗೆ, ಯಜಮಾನರಿಗೆ ಇದ್ದಕ್ಕಿದ್ದಂತೆ ಚಳಿ ಜ್ವರ, ತಲೆ ಸಿಡಿಯುವ ನೋವು, ಸೊಂಟ ಎತ್ತಲಾಗದ ಮೈಕೈ ನೋವು. ಅವರ ಹೆಂಡತಿ ಎಂಟು ಗಂಟೆಗೆ ಪೇಟೆಯ ಕ್ಲಿನಿಕ್ಕಿಗೆ ಫೋನು ಮಾಡಿದರು. “ಟೋಕನ್ ಏಳಕ್ಕೇ ಶುರುವಾಗುತ್ತದೆ. ಇವತ್ತಿನದು ಮುಗಿಯಿತು, ನಾಳೆ ಮಾಡಿ” ಎಂದು ಉತ್ತರ.

ನಮ್ಮ ಮನೆಗಳಿರುವುದು ಹೊಂಡದಲ್ಲಿ. ಫೋನಿಗೆ ಸಿಗ್ನಲ್ ಬೇಕೆಂದರೆ ಮೇಲಿನ ನೀರಿನ ತೊಟ್ಟಿಯ ಹತ್ತಿರ ಹತ್ತಿ ಹೋಗಬೇಕು. ಗುರುವಾರ ಆಕೆ ಏಳಕ್ಕೆ ಹತ್ತು ನಿಮಿಷ ಇರುವಾಗಲೇ ತೊಟ್ಟಿಯ ಕಟ್ಟೆ ಮೇಲೆ ಕುಳಿತಿದ್ದರು. ಏಳೂ ಇಪ್ಪತ್ತರವರೆಗೆ ಆ ಕಡೆ ಲೈನು ಬಿಜಿ. ಸಿಕ್ಕಾಗ ಅದೇ ಮಾತು: ಮುಗಿಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಾನೇ ಬೈಕಿನಲ್ಲಿ ಹೋಗಿ ನೋಡಿದೆ. ಡಾಕ್ಟರು ತಾಲ್ಲೂಕು ಸಭೆಗೆ ಹೋಗಿದ್ದರು. ಅಲ್ಲಿದ್ದ ಸಿಸ್ಟರು ಸೌಜನ್ಯದಿಂದಲೇ, “ನಾಳೆ ಕರೆದುಕೊಂಡು ಬನ್ನಿ” ಎಂದರು. ಬರುವಾಗ ದಾರಿಯಲ್ಲಿ ಔಷಧಿ ಅಂಗಡಿಗೆ ನುಗ್ಗಿ, ಮೈಕೈ ನೋವಿಗೆ ಚೆನ್ನಾಗಿ ಹಿಡಿಯುವ ಮಾತ್ರೆ ಕೊಡಿ ಎಂದು ಕೇಳಿ ತಂದೆ. ಕೊಟ್ಟವರ ತಪ್ಪು ಎಷ್ಟೋ ನನಗೆ ಗೊತ್ತಿಲ್ಲ, ಕೇಳಿ ತಂದವನು ನಾನು.

ಮಾತ್ರೆಗೆ ನೋವು ಇಳಿಯಿತು. ಶುಕ್ರವಾರ ತುಸು ಗೆಲುವಾಗಿಯೇ ಇದ್ದರು. ಹಾಗಾಗಿ ಆ ದಿನ ಯಾರೂ ಎಲ್ಲಿಗೂ ಹೋಗಲಿಲ್ಲ. ಶನಿವಾರ ಬೆಳಗಿನ ಜಾವ ಹಲ್ಲಿನ ವಸಡಿನಲ್ಲಿ ರಕ್ತ. ಆಕೆ ಓಡಿ ಬಂದು, “ಅಣ್ಣಾ, ಯಾರಾದ್ರೂ ಒಬ್ರು ಡಾಕ್ಟ್ರ ಹತ್ರ ಒಂದೇ ಒಂದು ಮಾತು ಮಾತಾಡಿಸಿ ಕೊಡಿ” ಎಂದು ಅತ್ತದ್ದು ಇನ್ನೂ ಕಿವಿಯಲ್ಲಿದೆ. ಜೀಪು ಮಾಡಿ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಘಾಟಿ ಇಳಿದು ಮಣಿಪಾಲಕ್ಕೆ. ರಕ್ತ ಪರೀಕ್ಷೆಯಲ್ಲಿ ಬಂದದ್ದು ಮಂಗನ ಕಾಯಿಲೆ. ಜ್ವರಕ್ಕೆ ಏನು ಮಾತ್ರೆ ಕೊಟ್ಟಿದ್ದಿರಿ ಎಂದು ಅಲ್ಲಿನ ಡಾಕ್ಟರು ಕೇಳಿದಾಗ ಹೆಸರು ಹೇಳಲು ನನಗೆ ನಾಲಿಗೆ ಬರಲಿಲ್ಲ. ಹನ್ನೊಂದು ದಿನದ ಮೇಲೆ ಅವರು ಬದುಕಿ ಮನೆಗೆ ಬಂದರು. ಅಷ್ಟರಲ್ಲಿ ಉಳಿದರ್ಧ ಹಣ್ಣು ಗಿಡದಲ್ಲೇ ಒಣಗಿ ಉದುರಿತ್ತು. ರೊಬಸ್ಟಾಕ್ಕೆ ಎಂದೂ ಕಾಣದ ಧಾರಣೆ ಇದ್ದ ವರ್ಷ ಅದು.

ಇದನ್ನು ಬರೆದದ್ದು ಯಾರ ಮೇಲೂ ದೂರು ಹೇಳಲು ಅಲ್ಲ. ಆ ನಾಲ್ಕು ದಿನಗಳಲ್ಲಿ ಎರಡು ಕಡೆ ಬಾಗಿಲು ತಟ್ಟಿದೆವು, ಮೂರು ಸಲ ಉತ್ತರ ಸಿಕ್ಕಿತು. ಯಾರೂ ಬೈಯಲಿಲ್ಲ, ಯಾರೂ ಹಣ ಕೇಳಲಿಲ್ಲ. ಆದರೆ “ಏನು ಕಾಯಿಲೆ, ಎಷ್ಟು ದಿನದಿಂದ, ಕಾಡಿಗೆ ಹೋಗಿದ್ದಿರಾ” ಎಂದು ಒಬ್ಬರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಪಾಳಿ ಹಚ್ಚಿದ್ದು ಫೋನು ಬಂದ ಕ್ರಮದಲ್ಲಿಯೇ ಹೊರತು ಕಾಯಿಲೆಯ ಕ್ರಮದಲ್ಲಿ ಅಲ್ಲ. ಏಳು ಗಂಟೆಗೆ ಪೇಟೆಯಲ್ಲಿ ಕುಳಿತು ಫೋನು ಒತ್ತಿದ ನೆಗಡಿಯವನಿಗೆ ಟೋಕನ್ ಸಿಕ್ಕಿತು. ತೊಟ್ಟಿಯ ಕಟ್ಟೆ ಹತ್ತಿದ ಮಂಗನ ಕಾಯಿಲೆಗೆ ಸಿಗಲಿಲ್ಲ.

ಮೊದಲು ಹೀಗಿರಲಿಲ್ಲ ಎಂದು ಹಿರಿಯ ಸದಸ್ಯರಿಗೆ ನೆನಪಿದ್ದೀತು. ನಮ್ಮ ಪೇಟೆಯ ಹಳೆಯ ಡಾಕ್ಟರ ಬಾಗಿಲಲ್ಲಿ ಬೆಂಚು ಒಂದೇ, ಟೋಕನ್ ಇಲ್ಲ. ಅವರ ಕಾಂಪೌಂಡರು ಬೆಂಚಿನುದ್ದಕ್ಕೂ ಒಮ್ಮೆ ಕಣ್ಣಾಡಿಸಿ, “ನೀವು ಕೂತ್ಕೊಳ್ಳಿ, ಆ ಮಗೂನ ಮೊದ್ಲು ಕಳ್ಸಿ” ಎನ್ನುತ್ತಿದ್ದ. ಆತ ಓದಿದ್ದು ಎಂಟನೇ ಇಯತ್ತೆಯೋ ಏನೋ, ಆದರೆ ಮುಖ ನೋಡಿ ಅವಸರ ಅಳೆಯುವ ವಿದ್ಯೆ ಇತ್ತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಎಪ್ಪತ್ತು ದಾಟಿದ್ದ ಡಾಕ್ಟರು ಮಕ್ಕಳ ಒತ್ತಾಯಕ್ಕೆ ಬಾಗಿಲು ಹಾಕಿದರು. ಆಮೇಲೆ ತೆರೆದರೂ ಅರ್ಧ ದಿನ, ಕೊನೆಗೆ ಅದೂ ನಿಂತಿತು. ಗುಂಪು ಸೇರಬಾರದೆಂದು ಆಗ ಬಂದ ಫೋನು-ಟೋಕನ್ ಪದ್ಧತಿ ಎಲ್ಲ ಕಡೆ ಉಳಿದುಕೊಂಡಿತು. ಅದರಲ್ಲಿ ಅನುಕೂಲ ಇಲ್ಲವೆಂದಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ತೂಕಡಿಸುವುದು ತಪ್ಪಿತು. ಇರುವ ಒಬ್ಬ ಡಾಕ್ಟರಾದರೂ ಎಷ್ಟು ಜನರನ್ನು ನೋಡಿಯಾರು? ಆದರೆ ಬೆಂಚಿನೊಂದಿಗೆ ಕಾಂಪೌಂಡರ ಕಣ್ಣೂ ಹೋಯಿತು.

ಸರ್ಕಾರಿ ಲೆಕ್ಕದ ಪ್ರಕಾರ ಬಯಲುಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. ಕಟ್ಟಡಗಳು ಇವೆ. ಡಾಕ್ಟರು ಹೆಚ್ಚಾಗಿ ಒಬ್ಬರೇ. ಅವರಿಗೆ ಹೊರರೋಗಿಗಳಲ್ಲದೆ ಲಸಿಕೆ, ಸಭೆ, ವರದಿ, ಶವಪರೀಕ್ಷೆ, ಪಕ್ಕದ ಕೇಂದ್ರದ ಹೆಚ್ಚುವರಿ ಹೊಣೆ ಎಲ್ಲವೂ ಇರುತ್ತವೆ. 2012ರ ಕಾಯ್ದೆಯಿಂದ ಹೊಸದಾಗಿ ಓದಿ ಬಂದ ಡಾಕ್ಟರರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದಾಯಿತು. 2023ರಲ್ಲಿ ತಿದ್ದುಪಡಿಯಾಗಿ, ಖಾಲಿ ಹುದ್ದೆ ಇದ್ದಷ್ಟಕ್ಕೆ ಮಾತ್ರ ಎಂದಾಯಿತು. ಹೀಗೆ ಬಂದ ಹುಡುಗರು ಚೆನ್ನಾಗಿಯೇ ಕೆಲಸ ಮಾಡುತ್ತಾರೆ. ಆದರೆ ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮನೆಯಲ್ಲಿ ಉಬ್ಬಸ ಎಂದು ಗುರುತಾಗುವ ಹೊತ್ತಿಗೆ ಅವರ ವರ್ಷ ತುಂಬಿರುತ್ತದೆ.

ಈ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ನನ್ನ ತಂಗಿಯ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ‘ಸರ್ಜರಿ’ಯಲ್ಲಿ ಹೆಸರು ಬರೆಸಿರುತ್ತಾರೆ. (ಅಲ್ಲಿ ಡಾಕ್ಟರ ಕೊಠಡಿಗೇ ಸರ್ಜರಿ ಎನ್ನುತ್ತಾರೆ, ಕೊಯ್ಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ.) ಹಣ ಕೊಡಬೇಕಾಗಿಲ್ಲ, ಆದರೆ ಬೆಳಿಗ್ಗೆ ಎಂಟಕ್ಕೆ ಊರಿಗೆ ಊರೇ ಫೋನು ಹಿಡಿದು ನಿಲ್ಲುತ್ತದೆಯಂತೆ. ಕೊರೋನಾ ನಂತರ ಈ ನೂಕುನುಗ್ಗಲು ಎಷ್ಟಾಯಿತೆಂದರೆ 2023ರ ಮೇ ತಿಂಗಳಿಂದ ಅಲ್ಲಿ ಒಂದು ನಿಯಮವೇ ಬಂತು: ಫೋನು ಮಾಡಿದ ರೋಗಿಗೆ “ಇನ್ನೊಂದು ದಿನ ಮಾಡಿ” ಎಂದು ಹೇಳುವಂತಿಲ್ಲ. ಆ ಹೊತ್ತಿಗೇ ಕಾಯಿಲೆ ಏನೆಂದು ಕೇಳಿ, ನೋಡುವ ದಿನ ಹೇಳಬೇಕು, ಇಲ್ಲವೇ ಎಲ್ಲಿಗೆ ಹೋಗಬೇಕೆಂದು ತಿಳಿಸಬೇಕು. ನಿಯಮ ಬಂದ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ ಎಂದೂ ಹುಡುಗ ಹೇಳುತ್ತಾನೆ. ಆದರೂ ನಮ್ಮ ಹಳೆಯ ಕಾಂಪೌಂಡರು ಮಾಡುತ್ತಿದ್ದುದನ್ನೇ ಆ ದೇಶ ಕಾಗದದ ಮೇಲೆ ಬರೆಯಿತಲ್ಲ ಎಂದು ನನಗೆ ಅನ್ನಿಸಿತು.

ಹಾಗಾದರೆ ನಾವು ಮಾಡಬಹುದಾದ್ದು ಏನು? ಮೊದಲನೆಯದಾಗಿ ಫೋನಿನಲ್ಲಿ ಟೋಕನ್ ಕೇಳಬೇಡಿ, ಕಾಯಿಲೆ ಹೇಳಿ. “ಮೂರು ದಿನದಿಂದ ಜ್ವರ, ಕಾಡಂಚಿಗೆ ಹೋಗಿದ್ದೆ, ಉಣುಗು ಕಚ್ಚಿದೆ” ಎಂಬ ಒಂದು ಮಾತು ಸಾಕು, ಕೇಳುವವರ ಧಾಟಿ ಬದಲಾಗುತ್ತದೆ. ನಮ್ಮ ಭಾಗದಲ್ಲಿ ನವೆಂಬರಿನಿಂದ ಮೇವರೆಗೆ ಬರುವ ಜ್ವರವನ್ನು ಹಗುರವಾಗಿ ಕಾಣುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡು ಬಿಟ್ಟು ಹೋಗಿಲ್ಲ. ಉಣುಗು ಕಚ್ಚಿದ ಸುಮಾರು ಮೂರರಿಂದ ಎಂಟು ದಿನಗಳಲ್ಲಿ ಜ್ವರ ಏರುತ್ತದೆ. ಕೆಲವರಿಗೆ ಜ್ವರ ಬಿಟ್ಟು, ಗುಣವಾಯಿತೆಂದುಕೊಂಡ ಮೇಲೆ ಮತ್ತೊಮ್ಮೆ ಬರುತ್ತದೆ. ಹಿಂದೆ ಕೊಡುತ್ತಿದ್ದ ಲಸಿಕೆ ಅಷ್ಟಾಗಿ ಫಲ ಕೊಡದ ಕಾರಣ 2022ರಲ್ಲಿ ನಿಂತಿತು. ಈ ರೋಗಕ್ಕೆಂದೇ ಔಷಧ ಇಲ್ಲದಿರುವುದರಿಂದ ಬೇಗ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ ಕಣ್ಣಿನಡಿ ಇರುವುದೇ ಉಳಿದಿರುವ ದಾರಿ. ಆ ತನಕ ಪ್ಯಾರಾಸಿಟಮಾಲ್ ಒಂದನ್ನು ಬಿಟ್ಟು ಬೇರೆ ನೋವಿನ ಮಾತ್ರೆ, ನೋವಿನ ಇಂಜೆಕ್ಷನ್ ಬೇಡವೇ ಬೇಡ. ಆಸ್ಪಿರಿನ್, ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಜಾತಿಯವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಡೆಂಗೆ ಜ್ವರಕ್ಕೂ ಇದೇ ಮಾತು. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಡೇಪಾ ಎಣ್ಣೆ ಕೊಡುತ್ತದೆ, ಆಶಾ ಕಾರ್ಯಕರ್ತೆಯರನ್ನು ಕೇಳಿ ಪಡೆಯಿರಿ.

ಎರಡನೆಯದು, ಪೇಟೆಗೆ ಓಡುವ ಮೊದಲು ಉಪಕೇಂದ್ರದ ಬಾಗಿಲು ತಟ್ಟಿ ನೋಡಿ. ನಮ್ಮಲ್ಲಿ ಅನೇಕರು ಅದನ್ನು ಬಾಣಂತಿಯರಿಗೆ, ಮಕ್ಕಳ ಚುಚ್ಚುಮದ್ದಿಗೆ ಮಾತ್ರ ಎಂದುಕೊಂಡಿದ್ದೇವೆ. ಈಗ ಬಹಳಷ್ಟು ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಎಂಬ ತರಬೇತಾದ ನರ್ಸ್ ಇರುತ್ತಾರೆ. ಅವರು ರಕ್ತದೊತ್ತಡ, ಸಕ್ಕರೆ ನೋಡುತ್ತಾರೆ, ‘ಇ-ಸಂಜೀವಿನಿ’ ಮೂಲಕ ವೀಡಿಯೋದಲ್ಲಿ ಡಾಕ್ಟರರನ್ನು ಕಾಣಿಸಿ ಚೀಟಿ ಬರೆಸಿ ಕೊಡುತ್ತಾರೆ. ಮನೆಯ ಮೊಬೈಲಿನಿಂದಲೂ ಇದು ಸಾಧ್ಯ, 2020ರ ಏಪ್ರಿಲಿನಲ್ಲಿ ಆ ಸೌಲಭ್ಯ ಶುರುವಾಯಿತು. ತೊಟ್ಟಿಯ ಕಟ್ಟೆ ಹತ್ತಬೇಕಾದವರಿಗೆ ಉಪಕೇಂದ್ರವೇ ಲೇಸು. ನನ್ನ ತಾಯಿಯ ಬಿ.ಪಿ. ಮಾತ್ರೆಗೆ ಪ್ರತಿ ತಿಂಗಳು ಪೇಟೆಗೆ ಹೋಗುತ್ತಿದ್ದೆವು. ಈಗ ಆರು ತಿಂಗಳಿಂದ ಉಪಕೇಂದ್ರದಲ್ಲೇ ಆಗುತ್ತಿದೆ. ಮೊದಲ ಸಲ ಅಮ್ಮ, “ಮುಟ್ಟಿ ನೋಡದ ಡಾಕ್ಟ್ರು ಎಂಥ ಡಾಕ್ಟ್ರು?” ಎಂದು ಗೊಣಗಿದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಹೊಟ್ಟೆನೋವು, ಎದೆನೋವು, ಮರದಿಂದ ಬಿದ್ದ ಪೆಟ್ಟು ಇವನ್ನು ಪರದೆಯಲ್ಲಿ ನೋಡಿ ತಿಳಿಯಲಾಗುವುದಿಲ್ಲ. ಆದರೆ ದಿನನಿತ್ಯದ ಮಾತ್ರೆಯವರು ಅಲ್ಲಿಗೆ ಹೋದರೆ ಪೇಟೆಯ ಟೋಕನಿನಲ್ಲಿ ಅಷ್ಟು ಜಾಗ ಜ್ವರದವರಿಗೆ ಉಳಿಯುತ್ತದೆ.

ಹಾವು ಕಚ್ಚಿದಾಗ, ಎದೆ ಹಿಂಡಿದಾಗ, ಕೊನೆ ಕೊಯ್ಯುವಾಗ ಮರದಿಂದ ಬಿದ್ದಾಗ ಟೋಕನ್ ವಿಚಾರವೇ ಇಲ್ಲ. 108ಕ್ಕೆ ಫೋನು ಮಾಡಿ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗತಕ್ಕದ್ದು. ಹಾವು ಕಚ್ಚಿದ ಜಾಗ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ.

ಕೆಲವು ಸದಸ್ಯರು, ಯಶಸ್ವಿನಿ ಕಾರ್ಡು ಇದೆಯಲ್ಲ, ಡಾಕ್ಟರ ಚಿಂತೆ ಯಾಕೆ ಎಂದು ಕೇಳಿದರು. 2018ರಲ್ಲಿ ನಿಂತು ಹೋಗಿದ್ದ ಯಶಸ್ವಿನಿ 2023ರ ಜನವರಿಯಿಂದ ಮತ್ತೆ ಬಂದದ್ದು ನಮ್ಮಂಥ ಸಹಕಾರಿಗಳಿಗೆ ದೊಡ್ಡ ಆಸರೆ, ತಪ್ಪದೆ ಸೇರಿರಿ. ಆದರೆ ಅದು ಮುಖ್ಯವಾಗಿ ಆಸ್ಪತ್ರೆ ಸೇರಿದ ಮೇಲಿನ ಶಸ್ತ್ರಚಿಕಿತ್ಸೆಗಳ ಖರ್ಚಿಗೆ. ಬುಧವಾರದ ಜ್ವರವನ್ನು ಬುಧವಾರವೇ ನೋಡುವವರನ್ನು ಯಾವ ಕಾರ್ಡೂ ತಂದುಕೊಡುವುದಿಲ್ಲ.

ಇನ್ನು ಸಂಘದ ಪಾಲಿನದು. ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ನಾನು ಒಂದು ಸಣ್ಣ ಸಲಹೆ ಕೊಟ್ಟೆ. ಪ್ರತಿದಿನ ಗೊಬ್ಬರಕ್ಕೋ ಧಾರಣೆ ನೋಡಲಿಕ್ಕೋ ನೂರಾರು ಸದಸ್ಯರು ಸಂಘದ ಬಾಗಿಲಿಗೆ ಬರುತ್ತಾರೆ. ಧಾರಣೆ ಬೋರ್ಡಿನ ಕೆಳಗೆ ಒಂದು ಗೆರೆ ಎಳೆದು, ಆರೋಗ್ಯ ಕೇಂದ್ರದಲ್ಲಿ ಇಂದು ಡಾಕ್ಟರು ಇದ್ದಾರೋ ಇಲ್ಲವೋ, ಇಲ್ಲದಿದ್ದರೆ ಹತ್ತಿರದಲ್ಲಿ ಎಲ್ಲಿ ಇದ್ದಾರೆ ಎಂದು ಬರೆಯೋಣ ಎಂದೆ. ಒಬ್ಬರು ನಕ್ಕರು, ಡಾಕ್ಟರಿಗೂ ಧಾರಣೆಯೇ ಎಂದು. ಕಾರ್ಯದರ್ಶಿಗಳು ಮಾತ್ರ ಮರುದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾತಾಡಿ ಬಂದರು. ಸಭೆ, ರಜೆಗಳ ವಿವರವನ್ನು ಹಿಂದಿನ ಸಂಜೆಯೇ ತಿಳಿಸಲು ಅಲ್ಲಿನವರು ಸಂತೋಷದಿಂದ ಒಪ್ಪಿದ್ದಾರೆ. ಸುಮ್ಮನೆ ಬಂದು ಬೈದು ಹೋಗುವವರು ಅವರಿಗೂ ಸಾಕಾಗಿದ್ದಾರೆ. ಜ್ವರದ ರೋಗಿಗೆ “ನಾಳೆ ಬನ್ನಿ” ಎನ್ನುವ ಮೊದಲು ನಾಲ್ಕು ಪ್ರಶ್ನೆ ಕೇಳಿ, ಅಗತ್ಯವಿದ್ದರೆ ರಕ್ತದ ಮಾದರಿಯನ್ನಾದರೂ ಅಂದೇ ತೆಗೆದುಕೊಳ್ಳಬೇಕೆಂದು ಆರೋಗ್ಯ ರಕ್ಷಾ ಸಮಿತಿಗೆ ಸಂಘದಿಂದ ಪತ್ರ ಬರೆಯುವುದೆಂದೂ ನಿರ್ಣಯವಾಗಿದೆ. ಪೇಟೆಯ ಕ್ಲಿನಿಕ್ಕಿನವರನ್ನು ಹೀಗೇ ಕೇಳಿಕೊಳ್ಳಲು ನಾವು ಇಬ್ಬರು ಬರುವ ವಾರ ಹೋಗುವವರಿದ್ದೇವೆ.

ಬೋರ್ಡಿನ ಕೆಲಸ ಕಳೆದ ಸೋಮವಾರ ಶುರುವಾಯಿತು. ಮೇಲೆ ರಾಶಿ, ಬೆಟ್ಟೆ, ಗೊರಬಲು, ರೊಬಸ್ಟಾ ಚೆರ್ರಿಯ ಧಾರಣೆ, ಕೆಳಗೆ ಗೆರೆ, ಗೆರೆಯ ಕೆಳಗೆ ಸೀಮೆಸುಣ್ಣದಲ್ಲಿ “ಡಾಕ್ಟರು ಇದ್ದಾರೆ, ಮಧ್ಯಾಹ್ನದವರೆಗೆ.” ಮೊದಲ ದಿನ ಅದನ್ನು ಬರೆದವರು ಕೆಳಮನೆಯ ಯಜಮಾನರೇ. ಗೊಬ್ಬರ ಒಯ್ಯಲು ಬಂದವರ ಕೈಗೆ ಕಾರ್ಯದರ್ಶಿಗಳು ಸೀಮೆಸುಣ್ಣ ಕೊಟ್ಟರು. ಕೈ ಇನ್ನೂ ಸ್ವಲ್ಪ ನಡುಗುತ್ತದೆ, ಅಕ್ಷರ ಮಾತ್ರ ಎಲ್ಲರಿಗೂ ಓದಲು ಬರುವಂತಿತ್ತು.