ತೆರೆ ಕಪ್ಪಾದರೆ ಬರಹ ಅಳಿದಂತಲ್ಲ

ತಾಳೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರಗಳು ಬರೆದ ಕೂಡಲೇ ಸ್ಪಷ್ಟವಾಗಿ ಕಾಣುವುದಿಲ್ಲ. ಕಾಡಿಗೆಯನ್ನು ಸವರಿ ಒರೆಸಿದಾಗಲೇ ಅವು ಕಣ್ಣಿಗೆ ಗೋಚರಿಸುತ್ತವೆ. 1891ರಲ್ಲಿ ಸ್ಥಾಪನೆಗೊಂಡ ನಮ್ಮ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಓಲೆಗರಿಗಳನ್ನು ಕಂಡವರಿಗೆ ಇದು ಹೊಸ ವಿಷಯವೇನಲ್ಲ. ಮಸಿ ಮಾಸಿದೆಯೆಂದು ಗರಿಯನ್ನು ಎಸೆಯುವ ವಿದ್ವಾಂಸನಿಲ್ಲ. ಗಣಕಯಂತ್ರದ ಮುಂದೆ ಕುಳಿತಾಗ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ.

ವಿಂಡೋಸ್ 10 ವ್ಯವಸ್ಥೆಗೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ಆದುದರಿಂದ ಅನೇಕ ಮನೆಗಳಲ್ಲಿ ಹೊಸ ವ್ಯವಸ್ಥೆಯ ಅಳವಡಿಕೆ ನಡೆದಿದೆ. ನಮ್ಮ ಮನೆಯಲ್ಲಿಯೂ ಈ ಕಾರ್ಯವಾಯಿತು. ಮೊದಲು ತೆರೆ ಕಪ್ಪಾಯಿತು. ಅದು ಸರಿಹೋದ ಮೇಲೆ, ಹಲವು ವರ್ಷ ಶ್ರಮಿಸಿ ನಾನು ಬೆರಳಚ್ಚು ಮಾಡಿದ್ದ ಹಸ್ತಪ್ರತಿಗಳ ಪಾಠವು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಂಡಿತು. “ಎಲ್ಲವನ್ನೂ ಅಳಿಸಿ ಫಾರ್ಮ್ಯಾಟ್ ಮಾಡಿಬಿಡಿ ಸ್ವಾಮಿ” ಎಂದು ಹಿತೈಷಿಯೊಬ್ಬರು ಸಲಹೆಯಿತ್ತರು. ಒಪ್ಪಿದ್ದರೆ ಆ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗುತ್ತಿತ್ತು.

ತೆರೆ ಕಪ್ಪಾದಾಗ

ಯಂತ್ರಕ್ಕೂ ತೆರೆಗೂ ನಡುವೆ ಡ್ರೈವರ್ ಎಂಬ ತಂತ್ರಾಂಶವೊಂದು ದುಭಾಷಿಯಂತೆ ಕೆಲಸ ಮಾಡುತ್ತದೆ. ವ್ಯವಸ್ಥೆ ಬದಲಾದಾಗ ಹಳೆಯ ದುಭಾಷಿಗೆ ಹೊಸ ಮಾತು ತಿಳಿಯದೆ ಹೋಗಬಹುದು. ಮೊದಲು ತೆರೆಯ ವಿದ್ಯುತ್ತನ್ನೂ ತಂತಿಯ ಜೋಡಣೆಯನ್ನೂ ಪರೀಕ್ಷಿಸಬೇಕು. ಅನಂತರ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಡ್ರೈವರ್ ಪುನಃ ಚಾಲನೆಗೊಳ್ಳುತ್ತದೆ. ಎರಡು ತೆರೆಗಳನ್ನು ಬಳಸುವವರು ವಿಂಡೋಸ್ ಮತ್ತು ಪಿ ಕೀಲಿಗಳಿಂದ ಚಿತ್ರವು ಯಾವ ತೆರೆಗೆ ಹೋಗುತ್ತಿದೆಯೆಂದು ನೋಡಬಹುದು.

ಇಷ್ಟಕ್ಕೂ ಸರಿಹೋಗದಿದ್ದರೆ ಯಂತ್ರವನ್ನು ಸೇಫ್ ಮೋಡ್‌ನಲ್ಲಿ ತೆರೆಯಬೇಕು. ಅಲ್ಲಿ ಚಿತ್ರ ಮೂಡಿದರೆ ದೋಷವು ಬಹುತೇಕ ಡ್ರೈವರಿನದೇ. ಡಿವೈಸ್ ಮ್ಯಾನೇಜರಿನಲ್ಲಿ ಹಿಂದಿನ ಡ್ರೈವರಿಗೆ ಮರಳಬಹುದು, ಇಲ್ಲವೆ ಯಂತ್ರದ ತಯಾರಕರಿಂದ ಹೊಸ ಡ್ರೈವರನ್ನು ಪಡೆದು ಸ್ಥಾಪಿಸಬಹುದು. ಹಳೆಯ ವ್ಯವಸ್ಥೆಯ ಮೇಲೆಯೇ ಉನ್ನತೀಕರಣ ಮಾಡಿದ್ದಲ್ಲಿ, ಸಾಮಾನ್ಯವಾಗಿ 10 ದಿನಗಳೊಳಗೆ ಹಿಂದಿನ ವ್ಯವಸ್ಥೆಗೆ ಮರಳುವ ಅವಕಾಶವೂ ಇರುತ್ತದೆ.

ಕನ್ನಡ ಮರೆಯಾದಾಗ

ಹಿಂದೆ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಹಳೆಯ ಕಡತಗಳಲ್ಲಿ ವಾಸ್ತವವಾಗಿ ಸಂಗ್ರಹವಾಗುತ್ತಿದ್ದುದು ರೋಮನ್ ಲಿಪಿಯ ಸಂಕೇತಗಳು. ಅವುಗಳಿಗೆ ಕನ್ನಡದ ರೂಪವನ್ನು ತೊಡಿಸುತ್ತಿದ್ದುದು ಫಾಂಟ್. ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವಾಗ ನಾವು ಆ ಫಾಂಟನ್ನು ಹಾಕಲು ಮರೆತಿದ್ದೆವು. ಅದನ್ನು ಪುನಃ ಸ್ಥಾಪಿಸಿದೊಡನೆ ಪಾಠವೆಲ್ಲ ಮೊದಲಿನಂತೆ ಕಂಡಿತು. ಒಂದಕ್ಷರವೂ ನಷ್ಟವಾಗಿರಲಿಲ್ಲ.

ಯೂನಿಕೋಡ್ ಕ್ರಮದಲ್ಲಿ ಈ ತೊಡಕಿಲ್ಲ. ಅದರಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಒಂದು ಫಾಂಟ್ ಇಲ್ಲದಿದ್ದರೆ ಮತ್ತೊಂದು ಕನ್ನಡ ಫಾಂಟ್ ಅದೇ ಅಕ್ಷರವನ್ನು ತೋರಿಸುತ್ತದೆ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಪರಿಚಿತವಾಗಿದ್ದ ತುಂಗಾ ಫಾಂಟ್ ವಿಂಡೋಸ್ 10ರಿಂದೀಚೆಗೆ ಐಚ್ಛಿಕವಾಗಿದೆ. ಅದು ಇಲ್ಲದೆಡೆ ನಿರ್ಮಲಾ ಫಾಂಟಿನಲ್ಲಿ ಬರಹ ಕಾಣುತ್ತದೆ. ಪುಟದ ಅಳತೆ ಕೊಂಚ ವ್ಯತ್ಯಾಸವಾಗಬಹುದು, ಪಾಠ ಕೆಡುವುದಿಲ್ಲ. ತುಂಗಾ ಬೇಕೆನ್ನುವವರು ಸೆಟ್ಟಿಂಗ್ಸ್‌ನ ಐಚ್ಛಿಕ ಸೌಲಭ್ಯಗಳಲ್ಲಿ ಅದನ್ನು ಸೇರಿಸಿಕೊಳ್ಳಬಹುದು.

ಆದುದರಿಂದ ಹಳೆಯ ಕಡತಗಳನ್ನು ಪರಿವರ್ತಕದ ನೆರವಿನಿಂದ ಯೂನಿಕೋಡಿಗೆ ತಂದಿಡುವುದು ಲೇಸು. ಪರಿವರ್ತನೆಯ ನಂತರ ಕರಡು ತಿದ್ದುವುದನ್ನು ಬಿಡಬಾರದು. ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಕೆಲವೊಮ್ಮೆ ಸ್ಥಾನ ತಪ್ಪುತ್ತವೆ. ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿ ಮಾರ್ಪಡುವುದೂ ಉಂಟು. ಮೂಲ ಕಡತವನ್ನು ಹಾಗೆಯೇ ಉಳಿಸಿಕೊಳ್ಳತಕ್ಕದ್ದು.

ಮನೆಯ ಲೆಕ್ಕಪತ್ರ, ವಂಶಾವಳಿ, ಹಿರಿಯರ ಬರಹಗಳೆಲ್ಲ ಇಂದು ಯಂತ್ರದಲ್ಲಿವೆ. ವ್ಯವಸ್ಥೆ ಬದಲಿಸುವ ಮುನ್ನ ಅವುಗಳ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ತೆಗೆದಿರಿಸಿ, ಬಳಸಿದ ಫಾಂಟಿನ ಕಡತವನ್ನೂ ಅದರೊಂದಿಗೆ ಇಡಿರಿ. ಕಾಣದಾದುದನ್ನು ಕಳೆದುಹೋಯಿತೆಂದು ಭಾವಿಸಿ ಅವಸರಪಡಬೇಡಿರಿ. ಗರಿ ಇರುವವರೆಗೆ ಕಾಡಿಗೆ ಸವರಲು ಅವಕಾಶವಿದೆ. ಗರಿಯನ್ನೇ ಸುಟ್ಟ ಮೇಲೆ ಯಾವ ಪಂಡಿತನೂ ಓದಲಾರ.